ಮೊಗಸಾಲೆಯಲ್ಲಿ ತೀರ್ಮಾನವಾಗುವ ನೀತಿಗಳು

(ಮೇಡ್ಲೇರಿಯಲ್ಲಿ ಸೇರಿದ್ದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೆಲವು ವರ್ಷಗಳ ಹಿಂದೆ ನಾವು ನಾಲ್ಕೈದು ಮಂದಿ ಒಂದು ಮನವಿ ಪತ್ರ ಹಿಡಿದು ಸರ್ಕಾರಿ ಕಚೇರಿಯೊಂದರ ಮುಂದೆ ಕುಳಿತಿದ್ದೆವು. ನಮ್ಮ ಓಣಿಯ ಕುಡಿಯುವ ನೀರಿನ ವಿಷಯವದು. ಚೀಟಿ ಒಳಗೆ ಕಳುಹಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದೆವು. ಆ ಹೊತ್ತಿನಲ್ಲಿ ಒಬ್ಬ ಗುತ್ತಿಗೆದಾರರು ಬಂದರು. ಅವರು ಚೀಟಿ ಕಳುಹಿಸಲಿಲ್ಲ, ಬೆಂಚಿನ ಮೇಲೆ ಕೂರಲೂ ಇಲ್ಲ. ಜವಾನನೇ ಎದ್ದು ಬಾಗಿಲು ತೆರೆದ. ಒಳಗಿನಿಂದ ಚಹಾಕ್ಕೆ ಕೂಗು ಬಂತು. ನಮ್ಮ ಸರದಿ ಬಂದಾಗ ಸಾಹೇಬರಿಗೆ ಊಟದ ಸಮಯವಾಗಿತ್ತು. ಮನವಿಯನ್ನು ಗುಮಾಸ್ತರ ಮೇಜಿನ ಮೇಲಿಟ್ಟು ಹಿಂದಿರುಗಿದೆವು.

ಇದರಲ್ಲಿ ವಿಶೇಷವೇನೂ ಇಲ್ಲ. ಇಲ್ಲಿ ಕುಳಿತಿರುವ ಪ್ರತಿಯೊಬ್ಬರಿಗೂ ಇಂತಹ ಅನುಭವವಿದೆ. ಆದರೆ ಆ ಬೆಂಚಿಗೂ ಆ ಬಾಗಿಲಿಗೂ ನಡುವೆ ಇರುವ ಅಂತರವೇ ಇಂದಿನ ನಮ್ಮ ವಿಷಯ. ಒಂದು ಕಚೇರಿಯಲ್ಲಿ ನಡೆಯುವುದು ರಾಜ್ಯದ ರಾಜಧಾನಿಯಲ್ಲೂ ದೇಶದ ರಾಜಧಾನಿಯಲ್ಲೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಅಲ್ಲಿ ಅದಕ್ಕೆ ಲಾಬಿ ಎಂಬ ಹೆಸರಿದೆ.

ಲಾಬಿ ಎಂದರೆ ಮೊಗಸಾಲೆ. ಶಾಸನಸಭೆಯ ಸಭಾಂಗಣದ ಹೊರಗಿರುವ ಪಡಸಾಲೆ. ಸದಸ್ಯರು ಒಳಗೆ ಹೋಗುವಾಗ, ಹೊರಗೆ ಬರುವಾಗ ಅವರನ್ನು ಅಲ್ಲಿ ತಡೆದು ತಮ್ಮ ಕೆಲಸದ ಬಗ್ಗೆ ಕಿವಿಯಲ್ಲಿ ಮಾತು ಹಾಕುವವರಿಗೆ ಆ ಜಾಗದ ಹೆಸರೇ ಅಂಟಿಕೊಂಡಿತು. ಒಳಗೆ ನಡೆಯುವ ಚರ್ಚೆಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಮೊಗಸಾಲೆಯಲ್ಲಿ ನಡೆಯುವ ಮಾತು ಎಲ್ಲಿಯೂ ದಾಖಲಾಗುವುದಿಲ್ಲ. ಅನೇಕ ವೇಳೆ ನೀತಿ ರೂಪುಗೊಳ್ಳುವುದು ಅಲ್ಲಿಯೇ.

ಒಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು. ಸರ್ಕಾರದ ಮುಂದೆ ತಮ್ಮ ಅಹವಾಲು ಇಡುವುದು ತಪ್ಪಲ್ಲ. ಅದು ಪ್ರಜೆಯ ಹಕ್ಕು. ರೈತ ಸಂಘ, ಕಾರ್ಮಿಕ ಸಂಘ, ವರ್ತಕರ ಸಂಘ ಎಲ್ಲರೂ ಅದನ್ನೇ ಮಾಡುತ್ತಾರೆ. ತಪ್ಪು ಆರಂಭವಾಗುವುದು ಆ ಅಹವಾಲು ಗುಟ್ಟಾದಾಗ, ಅದರ ಹಿಂದೆ ಹಣ ಸೇರಿಕೊಂಡಾಗ ಮತ್ತು ಅದರಿಂದ ಹಾನಿಗೊಳಗಾಗುವವರಿಗೆ ಸುದ್ದಿಯೇ ತಲುಪದಿದ್ದಾಗ.

ಈ ಮಾತಿಗೆ ಉದಾಹರಣೆ ಹುಡುಕಲು ನಾವು ದೆಹಲಿಗೆ ಹೋಗಬೇಕಾಗಿಲ್ಲ. ಈ ತಾಲೂಕಿನ ಇತಿಹಾಸವೇ ಸಾಕು.

ನದಿಯ ದಂಡೆಯ ಕಾರ್ಖಾನೆ

ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಮೇಲೆ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಮರದಿಂದ ತೆಗೆಯುವ ಕಾರ್ಖಾನೆಯದು. ಅದಕ್ಕೆ ಎರಡು ವಸ್ತುಗಳು ಅಪಾರವಾಗಿ ಬೇಕು: ನೀರು ಮತ್ತು ಮರ. ನೀರನ್ನು ತುಂಗಭದ್ರೆ ಕೊಟ್ಟಿತು. ಮರವನ್ನು ಒದಗಿಸುವ ಹೊಣೆಯನ್ನು ಸರ್ಕಾರ ತನ್ನ ತಲೆಯ ಮೇಲೆ ಹೊತ್ತುಕೊಂಡಿತು.

ಇದು ಹೊಸ ಪದ್ಧತಿಯೇನೂ ಆಗಿರಲಿಲ್ಲ. ಉತ್ತರ ಕನ್ನಡದಲ್ಲಿ 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರಿ ಅರಣ್ಯದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಗಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆ ತೆರಬೇಕಾಗಿತ್ತು. ಮೇದಾರನಿಗೆ ಒಂದು ಬೆಲೆ, ಕಾರ್ಖಾನೆಗೆ ಇನ್ನೊಂದು ಬೆಲೆ. ಈ ವ್ಯತ್ಯಾಸವನ್ನು ಯಾವ ಶಾಸನಸಭೆಯೂ ಮತ ಹಾಕಿ ನಿರ್ಧರಿಸಿರಲಿಲ್ಲ. ಒಪ್ಪಂದದ ಕಾಗದವೊಂದು ನಿರ್ಧರಿಸಿತ್ತು.

ನಮ್ಮ ಭಾಗದಲ್ಲಿ ಈ ಪದ್ಧತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪೆನಿಯನ್ನು ಸ್ಥಾಪಿಸಿದವು. ಸರ್ಕಾರದ ಪಾಲು ಶೇ. 51, ಕಾರ್ಖಾನೆಯ ಪಾಲು ಶೇ. 49. ಈ ಕಂಪೆನಿಗೆ ಅಂದಿನ ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು ಮುಂತಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ಭೂಮಿಯನ್ನು ನೀಲಗಿರಿ ಬೆಳೆಸಲು ವಹಿಸಿಕೊಡುವುದೆಂದು ತೀರ್ಮಾನವಾಯಿತು.

ಆ ಭೂಮಿ ಯಾವುದು? ಸರ್ಕಾರದ ಕಡತದಲ್ಲಿ ಅದು 'ಸಿ' ಮತ್ತು 'ಡಿ' ದರ್ಜೆಯ ಬಂಜರು. ಹಳ್ಳಿಯವರ ಬದುಕಿನಲ್ಲಿ ಅದು ದನ ಮೇಯುವ ಗುಡ್ಡ, ಹೆಂಗಸರು ಕಟ್ಟಿಗೆ ತರುವ ಕಾಡು, ಕುರಿಗಾಹಿಯ ಹಾದಿ, ಸ್ವಂತ ಹೊಲವಿಲ್ಲದವನ ಏಕೈಕ ಆಸ್ತಿ. ಒಂದೇ ಭೂಮಿಗೆ ಎರಡು ಹೆಸರುಗಳು. ಯಾರ ಹೆಸರು ಕಡತದಲ್ಲಿ ಉಳಿಯುತ್ತದೆಯೋ ಅವರ ಕೈಗೆ ಭೂಮಿ ಹೋಗುತ್ತದೆ. ನೀಲಗಿರಿಯ ಎಲೆಯನ್ನು ದನ ತಿನ್ನುವುದಿಲ್ಲ, ಕುರಿಯೂ ಮುಟ್ಟುವುದಿಲ್ಲ. ಆ ಗಿಡ ಬೆಳೆದಷ್ಟೂ ಹಳ್ಳಿಗೆ ಗುಡ್ಡ ದೂರವಾಗುತ್ತದೆ. ಆ ಹಳ್ಳಿಗಳ ಜನರನ್ನು ಯಾರೂ ಕೇಳಲಿಲ್ಲ. ಅನೇಕರಿಗೆ ಸುದ್ದಿ ತಿಳಿದದ್ದು ಗುಂಡಿ ತೋಡಲು ಆರಂಭವಾದ ಮೇಲೆ.

ಇದೇ ವೇಳೆಗೆ ಕಾರ್ಖಾನೆಯ ತ್ಯಾಜ್ಯದಿಂದ ನದಿಯ ನೀರು ಕೆಟ್ಟು ಮೀನುಗಳು ಸಾಯುತ್ತಿವೆಯೆಂದು ನದಿಪಾತ್ರದ ರೈತರೂ ಮೀನುಗಾರರೂ ದೂರುತ್ತಿದ್ದರು. ನದಿ ಮತ್ತು ಗುಡ್ಡ, ಎರಡೂ ಒಂದೇ ಕೈಗೆ ಹೋಗುತ್ತಿರುವುದು ಜನರಿಗೆ ಕಾಣತೊಡಗಿತು.

ಇಲ್ಲಿ ಮೇಡ್ಲೇರಿಯ ಹೆಸರು ಬರುತ್ತದೆ. ಅಮೆರಿಕದ ಉದ್ಯೋಗ ಬಿಟ್ಟು ಬಂದ ಎಸ್.ಆರ್. ಹಿರೇಮಠರು ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಸಂಸ್ಥೆಯ ಮೂಲಕ ಗ್ರಾಮಾಭಿವೃದ್ಧಿಯ ಕೆಲಸ ಆರಂಭಿಸಿದ್ದು ಇದೇ ಮೇಡ್ಲೇರಿಯಲ್ಲಿ. ಹಿರಿಯರಲ್ಲಿ ಕೆಲವರಿಗೆ ಆ ದಿನಗಳು ನೆನಪಿರಬಹುದು. ಮುಂದೆ 1984ರಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿಕೊಂಡಿತು. ಡಾ. ಶಿವರಾಮ ಕಾರಂತರು ಮೊದಲಾದವರು ಜೊತೆಗೂಡಿ ಈ ಭೂಮಿ ಹಸ್ತಾಂತರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ಇನ್ನಷ್ಟು ಭೂಮಿ ವಹಿಸಿಕೊಡದಂತೆ ತಡೆ ನೀಡಿತು. ಅದೇ ವರ್ಷ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಊರಿಗೆ ಉಪಯುಕ್ತವಾದ ಮರಗಳ ಸಸಿಗಳನ್ನು ನೆಟ್ಟರು. ಅದಕ್ಕೆ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹವೆಂದು ಹೆಸರಾಯಿತು. ನಮ್ಮ ಕಡೆ ಸಸಿ ಹಚ್ಚುವುದೆಂದರೆ ನೆಡುವುದೆಂದು ನಿಮಗೆ ವಿವರಿಸಬೇಕಾಗಿಲ್ಲ. ಕಿತ್ತವರೇ ಹಚ್ಚಿದರು ಎಂಬುದರಲ್ಲಿ ಆ ಹೋರಾಟದ ನೈತಿಕ ಬಲವಿತ್ತು.

1988ರಲ್ಲಿ ಬಂದ ರಾಷ್ಟ್ರೀಯ ಅರಣ್ಯ ನೀತಿಯು ಉದ್ಯಮಗಳಿಗೆ ಅರಣ್ಯೋತ್ಪನ್ನವನ್ನು ರಿಯಾಯಿತಿ ಬೆಲೆಗೆ ಕೊಡುವ ಪದ್ಧತಿ ನಿಲ್ಲಬೇಕೆಂದಿತು. ಉದ್ಯಮಗಳು ತಮಗೆ ಬೇಕಾದ ಮರವನ್ನು ರೈತರೊಡನೆ ನೇರ ಸಂಬಂಧವಿಟ್ಟುಕೊಂಡು ಬೆಳೆಸಿಕೊಳ್ಳಬೇಕೆಂದಿತು. 1990ರ ದಶಕದ ಆರಂಭದಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪೆನಿಯನ್ನು ಮುಚ್ಚಲಾಯಿತು. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸುವ ಆದೇಶ ಹೊರಡಿಸಿತು. ಮೂವತ್ತು ವರ್ಷಗಳ ಹಿಂದೆ ಹಳ್ಳಿಗರು ಹೇಳಿದ ಮಾತನ್ನು ಸರ್ಕಾರ ಕೊನೆಗೂ ತನ್ನ ಭಾಷೆಯಲ್ಲಿ ಹೇಳಿತು.

ನ್ಯಾಯದ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಆ ಕಾರ್ಖಾನೆ ಈ ಸೀಮೆಯ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟಿದೆ. ನೀಲಗಿರಿಯನ್ನು ಸ್ವಂತ ಹೊಲದಲ್ಲಿ ಬೆಳೆದು ಲಾಭ ಪಡೆದ ರೈತರೂ ಇದ್ದಾರೆ. ಉದ್ಯಮ ಬೇಕೋ ಬೇಡವೋ ಎಂಬ ಪ್ರಶ್ನೆ ಇಲ್ಲಿಲ್ಲ. ಊರಿನ ಗುಡ್ಡವನ್ನು ಕೊಡುವ ಮೊದಲು ಊರನ್ನು ಕೇಳಬೇಕಿತ್ತೇ, ಇಲ್ಲವೇ ಎಂಬುದು ಪ್ರಶ್ನೆ. ಭೂಮಿಯ ಕಾವಲುಗಾರನಾಗಬೇಕಾದ ಸರ್ಕಾರವೇ ಕಾರ್ಖಾನೆಯೊಂದಿಗೆ ಪಾಲುದಾರನಾದಾಗ ಜನ ಯಾರ ಬಳಿ ದೂರಬೇಕು? ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ?

ಬಡವರ ಹೆಸರಿನ ಗುರಾಣಿ

ಲಾಬಿ ಯಾವಾಗಲೂ ತನ್ನ ಲಾಭದ ಹೆಸರಿನಲ್ಲಿ ಮಾತನಾಡುವುದಿಲ್ಲ. ಅದು ಬಡವರ ಹೆಸರಿನಲ್ಲಿ ಮಾತನಾಡುತ್ತದೆ. ನಮ್ಮ ಸಮುದಾಯದ ಸಹೋದರಿಯರಿಗೆ ಚೆನ್ನಾಗಿ ತಿಳಿದಿರುವ ಬೀಡಿಯ ಉದಾಹರಣೆಯನ್ನೇ ನೋಡಿ.

ತಂಬಾಕಿನ ಪೊಟ್ಟಣಗಳ ಮೇಲೆ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಅಧಿಸೂಚನೆ ಹೊರಡಿಸಿತು. ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬರಬೇಕಿತ್ತು. ಅಷ್ಟರಲ್ಲಿ ಸಂಸದೀಯ ಸಮಿತಿಯೊಂದು ಅದನ್ನು ಮುಂದೂಡುವಂತೆ ಶಿಫಾರಸು ಮಾಡಿತು. ತಂಬಾಕಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಸಾಬೀತುಪಡಿಸುವ ಭಾರತೀಯ ಅಧ್ಯಯನವೇ ಇಲ್ಲವೆಂದು ಸಮಿತಿಯ ಅಧ್ಯಕ್ಷ ದಿಲೀಪ್ ಗಾಂಧಿ ವಾದಿಸಿದರು. ಸಮಿತಿಯ ಸದಸ್ಯರಲ್ಲಿ ಒಬ್ಬರಾದ ಶ್ಯಾಮಾ ಚರಣ್ ಗುಪ್ತಾ ಸ್ವತಃ ಬೀಡಿ ಉದ್ಯಮಿಯಾಗಿದ್ದರು. ತನ್ನ ಸರಕಿನ ಮೇಲೆ ಎಷ್ಟು ದೊಡ್ಡ ಎಚ್ಚರಿಕೆ ಇರಬೇಕೆಂಬುದನ್ನು ವ್ಯಾಪಾರಿಯೇ ಕುಳಿತು ನಿರ್ಧರಿಸಿದಂತಾಯಿತು! ನಿಯಮ ಒಂದು ವರ್ಷ ತಡವಾಗಿ, 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟ್ ಅದನ್ನು ರದ್ದುಪಡಿಸಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟ ಮೇಲೆಯೇ ಚಿತ್ರಗಳು ಉಳಿದವು.

ಇಡೀ ವಾದದಲ್ಲಿ ಪದೇ ಪದೇ ಕೇಳಿಬಂದ ಮಾತೆಂದರೆ, ಬೀಡಿ ಕಟ್ಟುವ ಬಡ ಮಹಿಳೆಯರ ಹೊಟ್ಟೆಪಾಡು. ಅವರ ಹೊಟ್ಟೆಪಾಡಿನ ಚಿಂತೆ ನಿಜವಾದದ್ದು. ಆದರೆ ಅದೇ ಮಹಿಳೆಯರು ಸಾವಿರ ಬೀಡಿಗೆ ಕೂಲಿ ಹೆಚ್ಚಿಸಿರೆಂದು ಕೇಳಿದಾಗ, ಬೀಡಿ ಸರಿಯಿಲ್ಲವೆಂದು ತಿರಸ್ಕರಿಸಿ ಕೂಲಿ ಕತ್ತರಿಸಬೇಡಿರೆಂದು ಬೇಡಿಕೊಂಡಾಗ ಈ ಕರುಣೆ ಎಲ್ಲಿ ಹೋಗಿರುತ್ತದೆ? ನಮ್ಮ ಹೆಸರನ್ನು ಯಾರಾದರೂ ರಾಜಧಾನಿಯಲ್ಲಿ ಎತ್ತಿದಾಗ ನಾವು ಸಂತೋಷಪಡುವ ಮೊದಲು, ಆ ಹೆಸರಿನಿಂದ ಲಾಭ ಪಡೆಯುತ್ತಿರುವವರು ಯಾರೆಂದು ಕೇಳಬೇಕು.

ಹಣದ ದಾರಿ

ಲಾಬಿಯ ಇನ್ನೊಂದು ದಾರಿ ಚುನಾವಣೆಯ ಖರ್ಚು. ಹಿಂದೆ ಕಂಪೆನಿಯೊಂದು ತನ್ನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ಕ್ಕಿಂತ ಹೆಚ್ಚು ಹಣವನ್ನು ಪಕ್ಷಗಳಿಗೆ ಕೊಡುವಂತಿರಲಿಲ್ಲ. 2017ರಲ್ಲಿ ಆ ಮಿತಿಯನ್ನು ತೆಗೆದುಹಾಕಲಾಯಿತು. 2018ರಲ್ಲಿ ಚುನಾವಣಾ ಬಾಂಡ್ ಬಂತು. ಯಾರು ಯಾರಿಗೆ ಕೊಟ್ಟರೆಂಬುದು ಮತದಾರನಿಗೆ ತಿಳಿಯದ ವ್ಯವಸ್ಥೆಯದು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಮುಂದಿನ ತಿಂಗಳು ಹೆಸರುಗಳು ಹೊರಬಂದಾಗ ಅತಿ ಹೆಚ್ಚು ಬಾಂಡ್ ಖರೀದಿಸಿದ್ದು ಲಾಟರಿ ವ್ಯಾಪಾರದ ಕಂಪೆನಿಯೆಂದು ತಿಳಿಯಿತು. ಮೊತ್ತ 1,368 ಕೋಟಿ ರೂಪಾಯಿ. ಬಡವರ ಮನೆ ಹಾಳುಮಾಡುತ್ತದೆಂದು ನಮ್ಮ ರಾಜ್ಯ 2007ರಲ್ಲಿ ನಿಷೇಧಿಸಿದ ವ್ಯಾಪಾರವದು. ಪಡೆದವರಲ್ಲಿ ಒಂದೇ ಪಕ್ಷವಿರಲಿಲ್ಲ. ಒಬ್ಬರನ್ನೊಬ್ಬರು ಬೈಯುವ ಪಕ್ಷಗಳು ಒಂದೇ ಕೈಯಿಂದ ಪಡೆದಿದ್ದವು.

ದೊಡ್ಡ ಉದ್ಯಮಗಳು ಇದನ್ನು ದೇಣಿಗೆ ಎನ್ನುತ್ತವೆ. ದೇಣಿಗೆಯೇ? ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಝಕಾತ್ ಸಂಗ್ರಹಕ್ಕೆ ಹೋಗಿ ಬಂದ ಅಧಿಕಾರಿಯೊಬ್ಬರು, ಇಷ್ಟು ಸಾರ್ವಜನಿಕ ನಿಧಿಗೆ, ಇಷ್ಟು ತನಗೆ ಬಂದ ಉಡುಗೊರೆ ಎಂದು ಪ್ರತ್ಯೇಕಿಸಿದರು. ಹುದ್ದೆಯಿಲ್ಲದೆ ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬ ಅರ್ಥದ ಪ್ರಶ್ನೆಯನ್ನು ಪ್ರವಾದಿಯವರು ಎತ್ತಿದರು. ಈ ಒಂದು ಪ್ರಶ್ನೆ ಎಲ್ಲ ಧರ್ಮದವರಿಗೂ ಎಲ್ಲ ಪಕ್ಷಗಳಿಗೂ ಅನ್ವಯಿಸುತ್ತದೆ. ಅಧಿಕಾರದಲ್ಲಿ ಇಲ್ಲದಿದ್ದರೆ ಅಥವಾ ಅಧಿಕಾರಕ್ಕೆ ಬರುವ ಸಂಭವವೇ ಇಲ್ಲದಿದ್ದರೆ ಆ ದೇಣಿಗೆ ಬರುತ್ತಿತ್ತೇ?

ಅಮೆರಿಕದಲ್ಲಿ ಲಾಬಿ ಕಾನೂನುಬದ್ಧ ವೃತ್ತಿ. ಆದರೆ ಅಲ್ಲಿ 1995ರ ಕಾಯ್ದೆಯಂತೆ ಲಾಬಿಗಾರರು ನೋಂದಾಯಿಸಿಕೊಂಡು ಖರ್ಚಿನ ಲೆಕ್ಕ ಸಲ್ಲಿಸಬೇಕು. ಭಾರತದ ಚಿಲ್ಲರೆ ಮಾರುಕಟ್ಟೆಯ ಪ್ರವೇಶವೂ ಸೇರಿದಂತೆ ಹಲವು ವಿಷಯಗಳಿಗಾಗಿ ವಾಲ್‌ಮಾರ್ಟ್ ಕಂಪೆನಿ ಅಲ್ಲಿನ ಶಾಸಕರ ಬಳಿ ಲಾಬಿ ನಡೆಸಿ ಹಣ ಖರ್ಚು ಮಾಡಿದ ಸಂಗತಿ 2012ರಲ್ಲಿ ನಮ್ಮ ಸಂಸತ್ತಿನಲ್ಲಿ ಗದ್ದಲವೆಬ್ಬಿಸಿದ್ದು ಆ ಲೆಕ್ಕಪತ್ರದಿಂದಲೇ. ನಮ್ಮ ಪೇಟೆಯ ಕಿರಾಣಿ ಅಂಗಡಿಯವನ ಭವಿಷ್ಯದ ಬಗ್ಗೆ ಯಾರು ಎಲ್ಲಿ ಮಾತನಾಡುತ್ತಿದ್ದಾರೆಂದು ತಿಳಿಯಲು ಸಾವಿರಾರು ಮೈಲಿ ದೂರದ ಕಡತ ನೋಡಬೇಕಾಯಿತು. ನಮ್ಮಲ್ಲಿ ಲಾಬಿಯನ್ನು ನಿಯಂತ್ರಿಸುವ ಪ್ರತ್ಯೇಕ ಕಾನೂನೇ ಇಲ್ಲ.

ಎರಡು ದಿನ ಮತ್ತು ಮೂರು ವರ್ಷ

ಇತ್ತೀಚಿನ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡೋಣ. 2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ನೀಡಿತು. ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70. ಉದ್ಯಮಿಗಳೂ ಅವರ ಸಂಘಟನೆಗಳೂ ವಿರೋಧಿಸಿದರು. 17ರಂದು ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಆ ಮಸೂದೆ ಸರಿಯೋ ತಪ್ಪೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಸರ್ಕಾರ ಎಷ್ಟು ಬೇಗ ಕಿವಿಗೊಟ್ಟಿತೆಂಬುದನ್ನು ಮಾತ್ರ ಗಮನಿಸಿರಿ.

ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಬೇಡಿರೆಂದು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಸರ್ಕಾರ ಬದಲಾಯಿತು, ಧರಣಿ ಮುಂದುವರಿಯಿತು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು. ಒಬ್ಬರ ಮಾತು ತಲುಪಲು ಎರಡು ದಿನ, ಇನ್ನೊಬ್ಬರ ಮಾತು ತಲುಪಲು ಮೂರು ವರ್ಷಕ್ಕೂ ಹೆಚ್ಚು. ಬೆಂಚಿಗೂ ಬಾಗಿಲಿಗೂ ಇರುವ ಅಂತರವೆಂದು ನಾವು ಹೇಳಿದ್ದು ಇದನ್ನೇ. ಆದರೂ ತಲುಪಿತು ಎಂಬುದನ್ನು ಮರೆಯಬಾರದು. ಕುಸನೂರಿನಲ್ಲಿಯೂ ತಲುಪಿತ್ತು.

ನಮ್ಮೊಳಗಿನ ಮೊಗಸಾಲೆ

ಇನ್ನೊಬ್ಬರತ್ತ ಬೆರಳು ತೋರಿಸಿ ಸಭೆ ಮುಗಿಸುವುದು ಸುಲಭ. ನಮ್ಮ ಸಮುದಾಯದ ಒಳಗನ್ನೂ ನೋಡಿಕೊಳ್ಳೋಣ. ಮಂತ್ರಿಗಳು ಊರಿಗೆ ಬಂದಾಗ ಶಾಲು ಹಾರ ಹಿಡಿದು ಮುಂದೆ ನಿಲ್ಲುವವರು ನಮ್ಮಲ್ಲಿಯೂ ಇದ್ದಾರೆ. ಸಮುದಾಯದ ಪರವಾಗಿ ಮನವಿ ಕೊಡಲು ಹೋದವರು ಹಿಂದಿರುಗುವಾಗ ತಮಗೊಂದು ನಾಮನಿರ್ದೇಶನದ ಹುದ್ದೆ ತಂದಿರುತ್ತಾರೆ. ಶಾಲೆಗೆ ಕೊಠಡಿ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಎಂಬ ಮನವಿ ಎಲ್ಲಿಗೆ ಹೋಯಿತೆಂದು ನಾವೂ ಕೇಳುವುದಿಲ್ಲ. ರಾಜ್ಯದ ವಕ್ಫ್ ಭೂಮಿಯಲ್ಲಿ ಸುಮಾರು 27,000 ಎಕರೆ ಅಕ್ರಮವಾಗಿ ಪರಭಾರೆಯಾಗಿದೆ ಅಥವಾ ಒತ್ತುವರಿಯಾಗಿದೆ ಎಂದು 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ವರದಿ ಹೇಳಿತು. ಆ ವರದಿಯ ಬಗ್ಗೆ ಪಕ್ಷಗಳು ವರ್ಷಗಟ್ಟಲೆ ಜಗಳವಾಡಿದವು. ಅನಾಥರಿಗೂ ವಿಧವೆಯರಿಗೂ ಸಲ್ಲಬೇಕಾದ ಆಸ್ತಿಯ ವಿಷಯದಲ್ಲಿ ನಮ್ಮ ಜಮಾಅತ್‌ಗಳು ತಮ್ಮ ಲೆಕ್ಕವನ್ನು ಮಸೀದಿಯ ಫಲಕದ ಮೇಲೆ ಹಾಕುತ್ತವೆಯೇ? ಗುಟ್ಟಿನ ವ್ಯವಹಾರವನ್ನು ವಿಧಾನಸೌಧದಲ್ಲಿ ಖಂಡಿಸುವವರು ಮೊಹಲ್ಲಾದಲ್ಲಿ ಅದನ್ನು ಸಹಿಸಬಾರದು.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಕೈಯಲ್ಲಿ ಹಣವಿಲ್ಲ. ಆದರೆ ಮೂರು ಸಾಧನಗಳಿವೆ.

ಮೊದಲನೆಯದು, 2005ರ ಮಾಹಿತಿ ಹಕ್ಕು ಕಾಯ್ದೆ. ಗೋಮಾಳ ಯಾರಿಗೆ ಮಂಜೂರಾಯಿತು, ಮರಳಿನ ಗುತ್ತಿಗೆ ಯಾವ ಷರತ್ತಿನ ಮೇಲೆ ಕೊಡಲಾಯಿತು, ನದಿಯ ನೀರಿನ ಪರೀಕ್ಷೆ ಯಾವಾಗ ನಡೆಯಿತು ಎಂದು ಹತ್ತು ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು. ಎಸ್ಸೆಸ್ಸೆಲ್ಸಿ ಓದಿದ ಹುಡುಗಿ ಬರೆಯಬಹುದಾದ ಅರ್ಜಿಯದು.

ಎರಡನೆಯದು, ಗ್ರಾಮಸಭೆ. ನಮ್ಮಲ್ಲಿ ಅನೇಕರು ಅದಕ್ಕೆ ಹೋಗುವುದಿಲ್ಲ. ಹೋದವರು ಮನೆಯ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿ ಎದ್ದು ಬರುತ್ತಾರೆ. ಊರಿನ ಸಾರ್ವಜನಿಕ ಭೂಮಿಯ ಪಟ್ಟಿಯನ್ನು ಸಭೆಯಲ್ಲಿ ಓದಿರೆಂದು ಒತ್ತಾಯಿಸಿ ಠರಾವಿನಲ್ಲಿ ಬರೆಸಬೇಕು. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾದಾಗ ಆ ಒಂದು ಪುಟ ಹತ್ತು ಭಾಷಣಗಳಿಗಿಂತ ಬೆಲೆಬಾಳುತ್ತದೆ.

ಮೂರನೆಯದು, ಕರಡಿನ ಹಂತದಲ್ಲಿಯೇ ಮಾತನಾಡುವುದು. ಕಾನೂನಿನ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2014ರಲ್ಲಿ ಅಂಗೀಕರಿಸಿತು. ಎಷ್ಟೋ ಬಾರಿ ಅದನ್ನು ಪಾಲಿಸುವುದಿಲ್ಲ. ಪಾಲಿಸಿದಾಗಲೂ ಆಕ್ಷೇಪಣೆ ಬರೆಯುವವರು ಕಂಪೆನಿಗಳ ವಕೀಲರೇ. ನಮ್ಮ ಊರಿನ ವಕೀಲರು, ಶಿಕ್ಷಕರು, ನಿವೃತ್ತ ನೌಕರರು ಕನ್ನಡದಲ್ಲಿಯೇ ಒಂದು ಪುಟ ಬರೆದು ಕಳುಹಿಸಿದರೆ ಸಾಲದೇ? ಕಾನೂನಾದ ಮೇಲೆ ರಸ್ತೆ ತಡೆದು ಕೂಗುವುದಕ್ಕಿಂತ, ಕರಡಿದ್ದಾಗ ಆಡಿದ ಒಂದು ಮಾತಿಗೆ ಬಲ ಹೆಚ್ಚು.

ಈ ಮೂರೂ ಕೆಲಸಗಳನ್ನು ನಾವು ಒಬ್ಬೊಬ್ಬರೇ ಮಾಡಲಾಗುವುದಿಲ್ಲ. ಮುಸ್ಲಿಮರಾಗಿ ಮಾತ್ರವೂ ಮಾಡಲಾಗುವುದಿಲ್ಲ. ತುಂಗಭದ್ರೆಯ ನೀರು ಕೆಟ್ಟರೆ ಅದು ಯಾರ ಕೊಡವನ್ನೂ ಜಾತಿ ಕೇಳಿ ತುಂಬುವುದಿಲ್ಲ. ಗುಡ್ಡ ಹೋದರೆ ಕುರುಬರ ಕುರಿಗೂ ನಮ್ಮ ಮೇಕೆಗೂ ಒಟ್ಟಿಗೇ ಮೇವು ಹೋಗುತ್ತದೆ. ಲಾಬಿಯವರಿಗೆ ಅತ್ಯಂತ ಅನುಕೂಲವಾದ ಊರು ಯಾವುದೆಂದರೆ, ಜನ ತಮ್ಮತಮ್ಮಲ್ಲೇ ಕಚ್ಚಾಡುತ್ತ ಕಡತದತ್ತ ಕಣ್ಣೆತ್ತಿ ನೋಡದ ಊರು.

ಆ ದಿನ ನಾವು ಗುಮಾಸ್ತರ ಮೇಜಿನ ಮೇಲಿಟ್ಟು ಬಂದ ಮನವಿಗೆ ಉತ್ತರ ಬರಲಿಲ್ಲ. ಆರು ತಿಂಗಳ ನಂತರ ಮಾಹಿತಿ ಹಕ್ಕಿನಡಿ ಅದರ ಗತಿ ಏನಾಯಿತೆಂದು ಕೇಳಿದೆವು. ಕಡತ ಸಿಕ್ಕಿತು. ನಲ್ಲಿ ಬರಲು ಮತ್ತೊಂದು ವರ್ಷ ಹಿಡಿಯಿತು. ಈಗ ಆ ಓಣಿಯಲ್ಲಿ ನೀರು ಬರುತ್ತದೆ, ದಿನ ಬಿಟ್ಟು ದಿನ. ದೊಡ್ಡ ವಿಜಯವೇನಲ್ಲ. ಆದರೆ ಅರ್ಜಿಯ ಒಂದು ಪ್ರತಿಯನ್ನು ನಾವು ಇಟ್ಟುಕೊಂಡಿದ್ದೆವು, ಸ್ವೀಕೃತಿಯ ಮೊಹರನ್ನೂ ಹಾಕಿಸಿಕೊಂಡಿದ್ದೆವು. ನೀವೂ ಇನ್ನು ಮುಂದೆ ಮನವಿ ಕೊಡುವಾಗ ಎರಡನ್ನೂ ಮರೆಯಬೇಡಿರಿ.